ಆವಿ ಕಟ್ಟದ ಕನ್ನಡಕ

ನನ್ನ ಮಗಳು ತನ್ವಿ ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದಾಗಲೆಲ್ಲ ನನಗೆ ಎರಡು ಕೆಲಸ. ಮೊದಲು ಅದನ್ನು ಒಂದು ಮೊಳ ದೂರ ಸರಿಸಬೇಕು, ಆಮೇಲೆ ಅದರಲ್ಲೇನಿದೆ ಎಂದು ನೋಡಬೇಕು. ಹೋದ ಬೇಸಿಗೆಯ ಒಂದು ಸಂಜೆ ಹಾಗೆ ಸರಿಸಿ ನೋಡಿದರೆ ಸಾಲಾಗಿ ಕನ್ನಡಕಗಳು. ಒಂದು ಈಜುವವರು ಹಾಕಿಕೊಳ್ಳುವಂಥದ್ದು, ಒಂದು ಮೋಟಾರ್‌ಸೈಕಲ್ ಓಡಿಸುವವರದು, ಇನ್ನೊಂದಕ್ಕೆ ಗಾಜೇ ಇಲ್ಲ. ಚಹಾ ಸೋಸುವ ಜಾಲರಿಯಂಥ ತಂತಿಬಲೆ.

“ಪಪ್ಪಾ, ಇದರಾಗ ಕುಠಲಾ ಚಾಂಗ್ಲಾ ಅದ, ಹೇಳು.”

ಯಾವುದು ಚೆನ್ನಾಗಿದೆ ಎಂದು ಕೇಳಿದ್ದು. ನಾಸಿಕದಲ್ಲೇ ಹುಟ್ಟಿ ಬೆಳೆದ ಅವಳಿಗೆ ನಮ್ಮ ಬೀದರ ಕಡೆಯ ಕನ್ನಡ ಪೂರ್ತಿ ತಿಳಿಯುತ್ತದೆ. ಆಡಲು ಹೋದರೆ ಮಾತ್ರ ಮರಾಠಿ ಮುಂದೆ ಬಂದು ನಿಂತುಬಿಡುತ್ತದೆ. ಕನ್ನಡಕ ಯಾತಕ್ಕೆ ಎಂದರೆ ಏರ್‌ಸಾಫ್ಟ್ ಆಡಲಿಕ್ಕಂತೆ. ಕಾಲೇಜಿನ ಗೆಳತಿಯರೊಡನೆ ಭಾನುವಾರ ಗಂಗಾಪುರ ರಸ್ತೆಯ ಆಚೆ ಒಂದು ಮೈದಾನಕ್ಕೆ ಹೋಗುತ್ತಾಳೆ. ಅಲ್ಲಿ ಎರಡು ಪಕ್ಷ ಮಾಡಿಕೊಂಡು ಒಬ್ಬರಿಗೊಬ್ಬರು ಗುಂಡು ಹಾರಿಸಿಕೊಳ್ಳುವುದೇ ಆಟ. ಬಂದೂಕು ನೋಡಲಿಕ್ಕೆ ಥೇಟು ನಿಜದ್ದು. ಒಳಗಿರುವುದು ಗಾಳಿಯ ಒತ್ತಡ, ಬರುವುದು ಚಿಕ್ಕ ಬಟಾಣಿಯಷ್ಟಿರುವ ಪ್ಲಾಸ್ಟಿಕ್ ಗುಂಡು. ಮೈಗೆ ತಾಗಿದರೆ ಬಲವಾಗಿ ಚಿವುಟಿದಂತಾಗುತ್ತದೆ, ಅಷ್ಟೆ. ಕಣ್ಣಿಗೆ ತಾಗಿದರೆ ಕಣ್ಣು ಹೋಯಿತೆಂದೇ ಲೆಕ್ಕ. ಮೈದಾನದವರು ಕೊಡುವ ಕನ್ನಡಕ ಊರವರ ಬೆವರನ್ನೆಲ್ಲ ಕುಡಿದು ನಾರುತ್ತದೆಂದು ಇವಳಿಗೆ ಸ್ವಂತದ್ದೊಂದು ಬೇಕಾಗಿತ್ತು.

“ಆಡಬ್ಯಾಡ” ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಗುಣಮಟ್ಟ ತಪಾಸಣೆಯ ಕೆಲಸದವನು ನಾನು. ಲೋಹದ ಮೇಲಿನ ಕೂದಲೆಳೆಯಷ್ಟು ಗೀರನ್ನೂ ಹುಡುಕಿ ತೆಗೆಯುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಮನೆಗೆ ಕುಕ್ಕರ್ ಬಂದರೂ ಕೊಡೆ ಬಂದರೂ ಪರೀಕ್ಷೆಗೆ ನನ್ನ ಮುಂದೆ ಬರುತ್ತದೆ. ನಾನು ತಿರುಗಿಸಿ ಮುರುಗಿಸಿ ನೋಡಿ ಪಾಸು ಮಾಡಿದ ಕೊಡೆ ಮೊದಲ ಮಳೆಗೇ ಮಗುಚಿಕೊಂಡದ್ದನ್ನು ಮನೆಯವರು ದೊಡ್ಡ ಮನಸ್ಸಿನಿಂದ ಮರೆತಿದ್ದಾರೆ.

ಮರುದಿನವೇ ಪೇಟೆಗೆ ಹೋದೆ. ಆಟದ ಸಾಮಾನಿನ ಅಂಗಡಿಯವನು, “ಕಾಕಾ, ಏಕ್‌ದಮ್ ಮಜಬೂತ್” ಎಂದು ಕಪ್ಪು ಗಾಜಿನದೊಂದು ಕೊಟ್ಟ. ತಂತಿಬಲೆಯದನ್ನೂ ತೆಗೆದುಕೊಂಡೆ. ಮನೆಗೆ ಬಂದು ಪರೀಕ್ಷೆ ಹೂಡಿದೆವು. ಕಪ್ಪು ಕನ್ನಡಕವನ್ನು ಅಡುಗೆಮನೆಯಲ್ಲಿದ್ದ ಕಲ್ಲಂಗಡಿ ಹಣ್ಣಿಗೆ ತೊಡಿಸಿ, ಅದನ್ನು ತಾರಸಿಯ ಕಟ್ಟೆಯ ಮೇಲೆ ಕೂರಿಸಿ, ಗೆಳತಿಯಿಂದ ತಂದಿದ್ದ ಬಂದೂಕಿನಿಂದ ತನ್ವಿ ತೀರ ಹತ್ತಿರದಿಂದ ಹೊಡೆದಳು. ಮೂರನೆಯ ಗುಂಡಿಗೆ ಗಾಜು ಒಡೆಯಿತು. ನಾಲ್ಕನೆಯದು ಸೀದಾ ಹಣ್ಣಿನೊಳಗೆ. ಸದ್ದು ಕೇಳಿ ಮೇಲೆ ಬಂದ ನನ್ನ ಹೆಂಡತಿ ಸುನಂದಾ ಕನ್ನಡಕ ಹಾಕಿಕೊಂಡು ಕೆಂಪು ನೀರು ಸುರಿಸುತ್ತಿದ್ದ ಕಲ್ಲಂಗಡಿಯನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟಳು.

“ಮನಿಗೆ ಮಂದಿ ಬರತಾರಂತ ತಂದಿದ್ದೆ ಅದನ್ನ. ಇಷ್ಟೆಲ್ಲಾ ಯಾತಕ್ಕರಿ? ಗಿರಿಜಕ್ಕಗ ಫೋನ್ ಹಚ್ರಿ. ಅವರ ಅಂಗಡಿ ಇರೋದೇ ಇದಕ್ಕಲ್ಲ?”

ಗಿರಿಜಕ್ಕ ನನ್ನ ಒಡಹುಟ್ಟಿದ ಅಕ್ಕ. ನನಗಿಂತ ಮೂರು ವರ್ಷ ದೊಡ್ಡವಳು. ಸಂಭಾಜಿನಗರದ ಹೊರಗೆ, ವಾಳೂಜಿನ ಕೈಗಾರಿಕಾ ಪ್ರದೇಶದಲ್ಲಿ ಅವಳದೂ ಭಾವನದೂ ಒಂದು ಅಂಗಡಿಯಿದೆ. ಕಾರ್ಖಾನೆಯ ಕೆಲಸಗಾರರಿಗೆ ಬೇಕಾದ ಹೆಲ್ಮೆಟ್ಟು, ಕೈಗವಸು, ಬೂಟು, ಕನ್ನಡಕ, ಎಲ್ಲ ಅಲ್ಲಿ ಸಿಗುತ್ತವೆ. ಈ ಸಂಗತಿ ನನಗೆ ಹೊಳೆದಿರಲಿಲ್ಲವೇ? ಮೊಬೈಲಿನಲ್ಲಿ ಮೊದಲ ಕನ್ನಡಕ ಕಂಡಾಗಲೇ ಹೊಳೆದಿತ್ತು. ಹೊಳೆದದ್ದಕ್ಕೇ ಪೇಟೆಯೆಲ್ಲ ಸುತ್ತಿದ್ದು.

ಇದನ್ನು ನಿಮಗೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ನಮ್ಮ ಅಪ್ಪ ಭಾಲ್ಕಿ ಕಡೆಯವರು. ಇದೇ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಬಂದು ಕಾಲೊನಿಯಲ್ಲಿ ಮನೆ ಪಡೆದರು. ನಾನೂ ಅಕ್ಕನೂ ಬೆಳೆದದ್ದು ಅಲ್ಲೇ. ಒಂದೇ ಅಚ್ಚಿನ ಹಳದಿ ಮನೆಗಳು, ನಡುವೆ ಬೇವಿನ ಮರಗಳ ಸಾಲು. ಮಧ್ಯಾಹ್ನ ಊಟಕ್ಕೆ ಕೂತಾಗ ಪರೀಕ್ಷೆಗೆಂದು ಮೇಲೆದ್ದ ವಿಮಾನದ ಸದ್ದಿಗೆ ತಟ್ಟೆಗಳು ಸಣ್ಣಗೆ ನಡುಗುತ್ತಿದ್ದವು. ಪಕ್ಕದ ಮನೆಯ ಮರಾಠಿ ಕಾಕು, ಎದುರಿನ ಮನೆಯ ಪಂಜಾಬಿ ಆಂಟಿ, ಎಲ್ಲರೂ ಆ ಸದ್ದು ಮುಗಿಯುವತನಕ ಮಾತನ್ನು ಬಾಯಲ್ಲೇ ಹಿಡಿದುಕೊಂಡಿದ್ದು ಮತ್ತೆ ಅಲ್ಲಿಂದಲೇ ಮುಂದುವರಿಸುತ್ತಿದ್ದರು. ಆ ಮನೆಗಳ ಮುಂದೆ ಈಗಲೂ ದಿನಾ ಹಾದುಹೋಗುತ್ತೇನೆ. ನಮ್ಮ ಮನೆಯಲ್ಲಿ ಬೇರೆ ಯಾರದೋ ಬಟ್ಟೆ ಒಣಗುತ್ತಿರುತ್ತದೆ. ಅಲ್ಲಿಗೆ ಬಂದಾಗ ಸ್ಕೂಟರು ತಾನಾಗಿ ನಿಧಾನವಾಗುತ್ತದೆ.

ಬೇಸಿಗೆ ರಜೆಯಲ್ಲಿ ನಮ್ಮದೂ ಒಂದು ಗುಂಡಿನ ಆಟವಿತ್ತು. ದ್ರಾಕ್ಷಿ ತೋಟದವರು ಬಿಸಾಡಿದ ಬಿದಿರಿನಿಂದ ಗೇಣುದ್ದದ ಕೊಳವೆ ಕತ್ತರಿಸಿ, ಅದಕ್ಕೆ ಸರಿಯಾಗಿ ಕೂರುವ ಒಂದು ಕಡ್ಡಿ ಮಾಡುವುದು. ಕೊಳವೆಯ ತುದಿಗೊಂದು ಹಸಿ ಬೇವಿನಕಾಯಿ ಸಿಕ್ಕಿಸಿ, ಹಿಂದಿನಿಂದ ಇನ್ನೊಂದು ಕಾಯಿಟ್ಟು ಕಡ್ಡಿಯಿಂದ ಒತ್ತಿದರೆ ನಡುವಿನ ಗಾಳಿ ಮುಂದಿನ ಕಾಯನ್ನು ಟಪ್ಪೆಂದು ಹಾರಿಸುತ್ತಿತ್ತು. ಕೊಳವೆ ಕೊರೆಯುವುದರಲ್ಲಿ ಅಕ್ಕನದೇ ಕೈ. ಅವಳ ಬಂದೂಕು ಅಂಗಳ ದಾಟಿ ಹೊಡೆಯುತ್ತಿತ್ತು. ನನ್ನದು ಉಗುಳಿದಂತೆ ಕಾಲ ಬುಡದಲ್ಲೇ ಬೀಳಿಸುತ್ತಿತ್ತು. ಕಡೆಗೆ ಅವಳೇ ಕನಿಕರಪಟ್ಟು ನನಗೊಂದು ಒಳ್ಳೆಯದು ಮಾಡಿಕೊಟ್ಟಳು.

ಅಪ್ಪ ಇದನ್ನು ನೋಡಿದ ದಿನ ಕಾರ್ಖಾನೆಯಿಂದ ತಮ್ಮ ಹಳೆಯ ಕನ್ನಡಕ ತಂದರು. ಲೋಹ ಉಜ್ಜುವಾಗ ಕಿಡಿ ತಾಗದಂತೆ ಹಾಕಿಕೊಳ್ಳುವ ರಬ್ಬರ್ ಅಂಚಿನದು. ಇದ್ದದ್ದು ಒಂದೇ. “ಇದನ್ನ ಹಾಕ್ಕೊಂಡವರಿಗಷ್ಟೇ ಹೊಡೀಬೇಕು. ಬರೇ ಕಣ್ಣಿದ್ದವರಿಗೆ ಯಾರೂ ಹೊಡಿಬಾರದು” ಎಂದು ಕಾನೂನು ಮಾಡಿದರು. ಹಾಗಾಗಿ ಒಬ್ಬರು ಓಡುವವರು, ಒಬ್ಬರು ಹೊಡೆಯುವವರು. ದಿನಕ್ಕೊಬ್ಬರ ಪಾಳಿ.

ಆ ದಿನ ಓಡುವ ಪಾಳಿ ಅಕ್ಕನದು. ನನಗೆ ಹತ್ತು ವರ್ಷ, ಅವಳಿಗೆ ಹದಿಮೂರು. ಮಳೆಗೆ ಮುಂಚಿನ ಸೆಕೆ. ಒಂದು ತಾಸು ಓಡಾಡಿಸಿದರೂ ನನ್ನ ಒಂದು ಕಾಯಿಯೂ ಅವಳಿಗೆ ತಾಗಲಿಲ್ಲ. ಮರದ ಹಿಂದಿನಿಂದ ಹೊರಬಂದ ಅಕ್ಕ, ಬೆವರಿಗೆ ಕನ್ನಡಕದೊಳಗೆ ಆವಿ ಕಟ್ಟಿ ಏನೂ ಕಾಣದೆ, ಅದನ್ನು ಹಣೆಯ ಮೇಲಕ್ಕೆ ಎತ್ತಿ ಲಂಗದ ತುದಿಯಿಂದ ಮುಖ ಒರೆಸಿಕೊಳ್ಳತೊಡಗಿದಳು. ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ.

ಹೊಡೆದೆ.

ಕೊಂಬೆ ಚುಚ್ಚಿತು ಎಂದು ಅಕ್ಕ ಮನೆಯಲ್ಲಿ ಹೇಳಿದಳು. ಯಾರೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ನಾನೇನು ಹೇಳುತ್ತಿದ್ದೆನೋ. ಔಷಧ ಬಿಟ್ಟರು, ಪಟ್ಟಿ ಕಟ್ಟಿದರು. ಎಡಗಣ್ಣಿನಲ್ಲಿ ಹೂ ಬಿತ್ತು. ಇವತ್ತಿಗೂ ಅವಳ ಕರಿಗುಡ್ಡೆಯ ಮೇಲೆ ಜೋಳದ ಕಾಳಿನಷ್ಟು ಬಿಳಿ. ಬೆಳಕು ಕಾಣುತ್ತದೆ, ಆಕಾರ ಕಾಣುವುದಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಒಂದು ಮಾತು. ಅಕ್ಕನಿಗೆ ಯಂತ್ರದ ಹುಚ್ಚು. ಅಪ್ಪ ಟೇಬಲ್ ಫ್ಯಾನು ಬಿಚ್ಚಿದರೆ ಜೋಡಿಸುತ್ತಿದ್ದವಳು ಅವಳು. ಹುಡುಗಿಯರು ಅಪರೂಪವಾಗಿದ್ದ ಕಾಲದಲ್ಲಿ ಐಟಿಐ ಸೇರಿ ಫಿಟ್ಟರ್ ಕೆಲಸ ಕಲಿತಳು. ಕಾರ್ಖಾನೆಯ ಅಪ್ರೆಂಟಿಸ್ ಆಯ್ಕೆಗೆ ಕೂತು ಬರಹದ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೇಲೆ ಬಂದಳು. ಕಣ್ಣಿನ ಪರೀಕ್ಷೆಯಲ್ಲಿ ಉಳಿಯಲಿಲ್ಲ. ವಿಮಾನದ ಕೆಲಸಕ್ಕೆ ಎರಡೂ ಕಣ್ಣು ಬೇಕು, ಅದರಲ್ಲಿ ಯಾರ ತಪ್ಪೂ ಇಲ್ಲ. ಮೂರು ವರ್ಷದ ಮೇಲೆ ಅದೇ ಆಯ್ಕೆಯಲ್ಲಿ ಅವಳಿಗಿಂತ ಎಷ್ಟೋ ಕಡಿಮೆ ಅಂಕ ತೆಗೆದ ನಾನು ಒಳಗೆ ಹೋದೆ. ಅಪ್ಪ ಕಾಲೊನಿಗೆಲ್ಲ ಪೇಡೆ ಹಂಚಿದರು. ಮೊದಲ ಪೇಡೆಯನ್ನು ನನ್ನ ಬಾಯಿಗಿಟ್ಟವಳು ಅಕ್ಕ. ಅದನ್ನು ಜಗಿಯುವಾಗ ನಾನು ಗೋಡೆ ನೋಡುತ್ತಿದ್ದೆ.

ಅವಳ ಮುಖ ನೋಡುವುದನ್ನು ನಾನು ಬಿಟ್ಟು ಆಗಲೇ ಬಹಳ ಕಾಲವಾಗಿತ್ತು. ಮದುವೆಯಾಗಿ ಅವಳು ಆ ಊರಿಗೆ ಹೋದಮೇಲೆ ನನಗೆ ಇನ್ನೂ ಸಲೀಸಾಯಿತು. ಯೇವಲಾ, ವೈಜಾಪುರ ದಾಟಿದರೆ ಬಂದೇ ಬಿಡುತ್ತದೆ ಅವಳ ಊರು. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮುಟ್ಟಬಹುದು. ಮದುವೆ ಮುಂಜಿಗಲ್ಲದೆ ನಾನು ಹತ್ತಲಿಲ್ಲ. ನಾಗರಪಂಚಮಿಗೆ ಅಕ್ಕತಂಗಿಯರನ್ನು ಅಣ್ಣತಮ್ಮಂದಿರೇ ಹೋಗಿ ತವರಿಗೆ ಕರೆತರುವುದು ನಮ್ಮ ಕಡೆಯ ರೂಢಿ. ಪ್ರತಿ ವರ್ಷ ನನಗೆ ಪಂಚಮಿಗೇ ಸರಿಯಾಗಿ ಶಿಫ್ಟು ಬೀಳುತ್ತಿತ್ತು, ಅಂದರೆ ನಾನೇ ಬೀಳಿಸಿಕೊಳ್ಳುತ್ತಿದ್ದೆ. ಫೋನು ಮಾಡುವವಳು ಸುನಂದಾ. ಹಿಂದಿನಿಂದ ನಾನು, “ಅರಾಮ ಇದ್ದೀನಂತ ಹೇಳು” ಎನ್ನುವವನು. ಆದರೆ ಎಲ್ಲಿ ಬಿದಿರು ಕಂಡರೂ ನನ್ನ ಹೆಬ್ಬೆರಳು ಅದರ ತೂತನ್ನು ಅಳೆಯುತ್ತದೆ. ಕಾರ್ಖಾನೆಯಲ್ಲಿ ಕಷ್ಟದ ಜೋಡಣೆಯೊಂದು ಸರಿಯಾಗಿ ಕೂತಾಗ, ಇದನ್ನು ಅಕ್ಕನಿಗೆ ಹೇಳಬೇಕು ಎನಿಸುತ್ತದೆ. ಇಷ್ಟು ವರ್ಷವೂ ಎನಿಸಿದೆ.

ಈ ಸಲ ಹೋದೆ. ತನ್ವಿಯನ್ನು ಕರೆದುಕೊಂಡು, ಒಂದು ಶನಿವಾರ, ಕಾರಿನಲ್ಲಿ. ದಾರಿಯುದ್ದಕ್ಕೂ ಅವಳು ಗಾಜಿನ ದಪ್ಪದ ಬಗ್ಗೆ ಹೇಳುತ್ತಿದ್ದಳು. ನಾನು ನಿಫಾಡದ ಈರುಳ್ಳಿ ಲಾರಿಗಳ ಹಿಂದೆ ಬೇಕೆಂದೇ ನಿಧಾನವಾಗಿ ಹೋಗುತ್ತಿದ್ದೆ.

ಅಕ್ಕ ಗಲ್ಲಾಪೆಟ್ಟಿಗೆಯ ಹಿಂದೆ ನಿಂತು ಕೈಗವಸುಗಳನ್ನು ಜೋಡಿಯಾಗಿ ಕಟ್ಟುತ್ತಿದ್ದಳು. ಭಾವ ಯಾವುದೋ ಕಾರ್ಖಾನೆಗೆ ಸಾಮಾನು ಮುಟ್ಟಿಸಲು ಹೋಗಿದ್ದರು. ನನ್ನನ್ನು ಕಂಡು ಅವಳ ಕೈ ನಿಂತಿತು. “ಬಸೂ?” ಎಂದಳು, ಗುರುತು ಹಿಡಿದೂ ಖಾತ್ರಿ ಮಾಡಿಕೊಳ್ಳುವವಳ ಹಾಗೆ. ಕೂದಲು ಪೂರಾ ಬೆಳ್ಳಗಾಗಿತ್ತು. ನೀರು ಕೊಟ್ಟಳು, ಚಹಾ ತರಿಸಿದಳು. ಆಮೇಲೆ ನಾನು ತಂದಿದ್ದ ತಂತಿಬಲೆಯ ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿದಳು.

“ಇದು ಆವಿ ಹಿಡಿಯಲ್ಲ, ಖರೆ. ಆದ್ರ ಗುಂಡು ಬಡದು ಚೂರಾದ್ರ ಆ ಚೂರು ತೂತಿನಾಗಿಂದ ಒಳಗ ಬರತದ. ಇದು ಬ್ಯಾಡ.” ಕಪಾಟಿನಿಂದ ನಾಲ್ಕೈದು ಬಗೆ ಇಳಿಸಿದಳು. “ಇದರ ಬದೀಗಿ ಸಂದಿ ಅದ, ಬ್ಯಾಡ. ಇದು ಧೂಳಿಗಷ್ಟೇ, ಏಟು ತಡಿಯಲ್ಲ. ಬಾ ಪುಟ್ಟಿ, ಇದನ್ನ ಹಾಕ್ಕೋ. ಮಾರಿಗಿ ಕಚ್ಚಿ ಕೂಡಬೇಕು ನೋಡು, ಎಲ್ಲೂ ಬೆಳಕು ನುಸೀಬಾರದು.”

ತನ್ವಿಯ ಕೆನ್ನೆಯ ಸುತ್ತ ಬೆರಳಾಡಿಸಿ ಅಂಚು ಒತ್ತಿ ನೋಡಿದಳು. ತಲೆ ಕೊಡವಲು ಹೇಳಿದಳು. ಕುಣಿಯಲು ಹೇಳಿದಳು. ಆಮೇಲೆ, “ಆ ಗೇಟಿನತನಾ ಮೂರು ಸಲ ಓಡಿ ಬಾ” ಎಂದಳು. ಜೂನಿನ ಬಿಸಿಲು. ಹೋಗಿ ಬಂದಾಗ ಗಾಜು ಮಬ್ಬು. ಅಕ್ಕ ಅದನ್ನು ತೆಗೆದು ಬದಿಗಿಟ್ಟು ಇನ್ನೊಂದು ಕೊಟ್ಟಳು. ಅದೂ ಮಬ್ಬು. ಮೂರನೆಯದಕ್ಕೆ ನಡುವೆ ಗಾಳಿಯಿದ್ದ ಎರಡು ಪದರ, ನೆತ್ತಿಯ ಕಡೆ ಸಣ್ಣ ಕಿಂಡಿಗಳು. ತನ್ವಿ ಓಡಿ ಬಂದು ಏದುಸಿರು ಬಿಡುತ್ತ, “ಕ್ಲಿಯರ್ ಆಹೇ, ಆತ್ಯಾ!” ಎಂದು ಅತ್ತೆಗೆ ಮರಾಠಿಯಲ್ಲೇ ಕೂಗಿ ಹೇಳಿದಳು.

“ಇದ ತಗೋ” ಎಂದು ಅಕ್ಕ ನನ್ನ ಕಡೆ ತಿರುಗಿದಳು. “ಗಾಜು ಗಟ್ಟಿ ಅದ ಏನು ಅಂತ ಎಲ್ಲಾರೂ ಕೇಳತಾರ. ಗಟ್ಟಿ ಬೇಕು, ಇಲ್ಲಂತಲ್ಲ. ಆದ್ರ ಬರೇ ಗಟ್ಟಿ ಇದ್ರ ಸಾಲದು. ಆವಿ ಕಟ್ಟಿ ಕಾಣ್ವಲ್ದು ಅಂತ ಒಂದ್ ಕ್ಷಣ ಮ್ಯಾಲ ಎತ್ತತಾರ ನೋಡು, ಆಗ ಹೋಗತದ ಕಣ್ಣು.”

ತನ್ವಿ ಒಳಗಿನ ಕನ್ನಡಿಯ ಮುಂದೆ ಹೋಗಿ ನಿಂತಿದ್ದಳು. ಚಹಾ ಆರುತ್ತಿತ್ತು. ನಾನು ಲೋಟ ನೋಡಿಕೊಂಡೇ ಹೇಳಿದೆ.

“ಅಕ್ಕಾ, ಅವತ್ತು ನಂಗ ಕಂಡಿತ್ತು.”

“ಏನು?”

“ನೀ ಕನ್ನಡಕ ಎತ್ತಿದ್ದು. ಗೊತ್ತಿಲ್ಲದ ಹೊಡದದ್ದಲ್ಲ. ನೋಡೇ ಹೊಡದೀನಿ.”

ಅಕ್ಕ ಮಬ್ಬಾದ ಕನ್ನಡಕವನ್ನು ಬಟ್ಟೆಯಿಂದ ಒರೆಸುತ್ತಿದ್ದಳು. ಒರೆಸುತ್ತಲೇ ಇದ್ದಳು.

“ಗೊತ್ತದ” ಎಂದಳು. “ಹೊಡಿಯೋಕಿಂತ ಮುಂಚ ನೀ ನಕ್ಕೀದಿ.”

ನನಗೆ ಆ ನಗು ನೆನಪಿಲ್ಲ. ಇಷ್ಟು ವರ್ಷ ಎಲ್ಲವನ್ನೂ ಉಜ್ಜಿ ಉಜ್ಜಿ ನೆನೆದವನಿಗೆ ಅದೊಂದು ಮಾತ್ರ ನೆನಪಿರಲಿಲ್ಲ.

“ಮತ್ತ ಅಪ್ಪಗ ಯಾಕ ಹೇಳಲಿಲ್ಲ?”

“ಹತ್ತು ವರ್ಷದ ಹುಡುಗ ಇದ್ದಿ. ಗುರಿ ಸಿಕ್ತಂತ ನಕ್ಕಿ. ಹಿಂದಿನ ಬಾಗಿಲದಾಗ ಕುಂತು ನೀ ಅತ್ತದ್ದೂ ನೋಡೀನಿ. ನಂಗ ಸಿಟ್ಟು ಅದಕ್ಕಲ್ಲೋ.”

“ಮತ್ತ ಯಾತಕ್ಕ?”

ಅವಳು ಕನ್ನಡಕ ಕೆಳಗಿಟ್ಟಳು. “ಅವತ್ತಿನಿಂದ ನೀ ನನ್ನ ಮಾರಿ ನೋಡೋದೇ ಬಿಟ್ಟಿ. ಪಂಚಮಿಗಿ ಕರೀಲಿಕ್ಕ ಒಂದ್ ಸಲರೆ ಬಂದೇನು? ಉಡಿ ತುಂಬಿಸ್ಕೊಂಡು ಹೋಗೋ ಹೆಣ್ಮಕ್ಕಳನ್ನ ಬಾಗಿಲದಾಗ ನಿಂತು ನೋಡತಿದ್ದೆ. ಕಣ್ಣಿನ ಸಂಗಟ ತಮ್ಮನೂ ಹೋದ. ಕಣ್ಣು ಇನ್ನೊಂದಿತ್ತು, ನಡೀತು. ತಮ್ಮ ಇನ್ನೊಬ್ಬ ಇರಲಿಲ್ಲ ನಂಗ.”

ಹೊರಗೆ ಒಂದು ಟೆಂಪೊ ಹಿಂದಕ್ಕೆ ಬರುತ್ತ ಕುಂಯ್‌ಗುಡುತ್ತಿತ್ತು. ನಾನು ತಲೆಯೆತ್ತಿ ಅವಳನ್ನು ನೋಡಿದೆ. ನೋಡುವುದು ಕಷ್ಟವಾಯಿತು. ನೋಡಿದೆ. ಹುಬ್ಬು ಥೇಟು ಅಪ್ಪನದು. ಅದು ಯಾವಾಗ ಹಾಗಾಯಿತೋ ನನಗೆ ಗೊತ್ತೇ ಆಗಿರಲಿಲ್ಲ.

ಮಗಳಿಗೆ ಕನ್ನಡ ತಿಳಿಯುತ್ತದೆಂಬುದನ್ನು ನಾವಿಬ್ಬರೂ ಮರೆತಿದ್ದೆವು. ಅವಳು ಕನ್ನಡಿಯ ಹತ್ತಿರದಿಂದ ಬಂದು, ಕನ್ನಡಕ ಹಾಕಿಕೊಂಡೇ, ಕಷ್ಟಪಟ್ಟು ಪೂರಾ ಕನ್ನಡದಲ್ಲಿ, “ಅತ್ತೀ, ನೀವು ನಮ್ಮ ಮನಿಗೆ ಬರ್ರಿ. ಆಡಲಿಕ್ಕ” ಎಂದಳು. ಗಾಜಿನ ಹಿಂದೆ ಅವಳ ಕಣ್ಣುಗಳು ಒದ್ದೆಯಾಗಿದ್ದವು. ಅಕ್ಕ ಅವಳನ್ನೇ ನೋಡಿ, ಕಪಾಟಿನಿಂದ ಅದೇ ನಮೂನೆಯ ಇನ್ನೆರಡು ಕನ್ನಡಕ ಇಳಿಸಿದಳು.

ಪಂಚಮಿಗೆ ಇನ್ನೂ ಒಂದು ತಿಂಗಳಿತ್ತು. ಅಲ್ಲಿಯತನಕ ಕಾಯದೆ, ಎರಡು ವಾರ ಬಿಟ್ಟು ನಾನೇ ಹೋಗಿ ಅಕ್ಕನನ್ನು ಕರೆತಂದೆ. ಸುನಂದಾ ಹೋಳಿಗೆ ಮಾಡಿದಳು. ಮರುದಿನ ಬೆಳಿಗ್ಗೆ ಮೈದಾನಕ್ಕೆ ಹೋದೆವು. ದ್ರಾಕ್ಷಿ ತೋಟದ ಪಕ್ಕದ ಬಯಲು, ಅಲ್ಲಲ್ಲಿ ಹಳೆಯ ಟೈರುಗಳ ಗುಡ್ಡೆ, ತಗಡಿನ ಗೋಡೆ. ಅಕ್ಕ ಸೀರೆ ಬಿಟ್ಟು ತನ್ವಿಯ ಸಡಿಲ ಪ್ಯಾಂಟು ತೊಟ್ಟಿದ್ದಳು. ನಾನು ಹೊಟ್ಟೆಯ ಕಾರಣದಿಂದ ಎಲ್ಲರಿಗೂ ದೊಡ್ಡ ಗುರಿಯಾಗಿದ್ದೆ. ಆಟ ನಡೆಸುವ ಹುಡುಗಿ ಬಂದು ನಿಯಮ ಹೇಳಿದಳು. ಬಲೆಯ ಒಳಗಿರುವತನಕ ಕನ್ನಡಕ ಒಂದು ಗಳಿಗೆಯೂ ತೆಗೆಯುವಂತಿಲ್ಲ. ಗುಂಡು ತಾಗಿದವರು ತಾವೇ ಕೈಯೆತ್ತಿ ಒಪ್ಪಿಕೊಂಡು, ಬಲೆಯ ಹಿಂದಿನ ಬೆಂಚಿಗೆ ಹೋಗಿ ಕೂರಬೇಕು. ಆಟ ಮುಗಿಯುವತನಕ ತುಟಿ ಎರಡು ಮಾಡಬಾರದು. “ಮೇಲೇಲಿ ಮಾಣ್ಸಂ ಬೋಲತ್ ನಾಹೀತ್, ಕಾಕಾ.” ಸತ್ತವರು ಮಾತಾಡುವುದಿಲ್ಲ ಎಂದು ನನಗೇ ಬೆರಳು ತೋರಿಸಿ ಹೇಳಿದಳು.

ಅಕ್ಕನೂ ನಾನೂ ಒಂದು ಪಕ್ಷ, ತನ್ವಿ ಎದುರು ಪಕ್ಷ. ಸೀಟಿ ಊದಿ ಐದು ನಿಮಿಷವಾಗಿರಲಿಲ್ಲ, ಯಾರೋ ನನ್ನ ಹೊಟ್ಟೆಗೆ ಹೊಡೆದರು. ಕೈಯೆತ್ತಿ ಬಂದು ಬೆಂಚಿನ ನಡುವೆ ಕೂತೆ.

ಅಲ್ಲಿಂದ ಅಕ್ಕ ಕಂಡಳು. ಟೈರುಗಳ ಹಿಂದೆ ಬಗ್ಗಿ ಸರಿಯುತ್ತಿದ್ದಳು. ಎಡಕ್ಕೆ ನೋಡಬೇಕಾದಾಗ ಕಣ್ಣು ಮಾತ್ರವಲ್ಲ, ತಲೆಯನ್ನೂ ಭುಜವನ್ನೂ ಪೂರ್ತಿ ತಿರುಗಿಸುತ್ತಿದ್ದಳು. ಅಡುಗೆಮನೆಯಲ್ಲಿ, ರಸ್ತೆ ದಾಟುವಾಗ, ಅಂಗಡಿಯಲ್ಲಿ, ಎಷ್ಟು ವರ್ಷದಿಂದ ಹೀಗೆ ತಿರುಗುತ್ತಿದ್ದಾಳೋ. ನಾನು ನೋಡಿದ್ದು ಅದೇ ಮೊದಲು. ಅವಳು ಗುರಿಯಿಟ್ಟು ಒಬ್ಬ ಹುಡುಗನನ್ನು ಹೊಡೆದಳು, ಇನ್ನೊಬ್ಬಳನ್ನು ಹೊಡೆದಳು. ಅಷ್ಟರಲ್ಲಿ ತಗಡಿನ ಗೋಡೆಯ ಹಿಂದಿನಿಂದ ತನ್ವಿ ಬೆಕ್ಕಿನಂತೆ ಬಂದಳು. ಅಕ್ಕನ ಎಡಗಡೆಯಿಂದ. ಅಕ್ಕ ಬಲಕ್ಕೆ ನೋಡುತ್ತಿದ್ದಳು. ತನ್ವಿ ಇನ್ನೂ ನಾಲ್ಕು ಹೆಜ್ಜೆ ಹತ್ತಿರ ಬಂದು ಬಂದೂಕೆತ್ತಿದಳು.

“ಅಕ್ಕಾ! ಎಡಕ್ಕ!”

ಮೈದಾನಕ್ಕೆ ಮೈದಾನವೇ ನನ್ನ ಕಡೆ ತಿರುಗಿತು. ಅಕ್ಕ ಗಿರಕ್ಕನೆ ಹೊರಳಿ ಹೊಡೆದಳು. ಗುಂಡು ತನ್ವಿಯ ಭುಜಕ್ಕೆ ತಾಗಿತು.

“ಪಪ್ಪಾ! ಚೀಟಿಂಗ್!” ತನ್ವಿ ನೆಲ ಒದ್ದು ಕೂಗಿದಳು. ಆಟ ನಡೆಸುವ ಹುಡುಗಿ ಸೀಟಿ ಊದಿಕೊಂಡು ಓಡಿಬಂದಳು, ನನ್ನನ್ನು ಚೆನ್ನಾಗಿ ಬೈದಳು. ತನ್ವಿ ಬದುಕಿದ್ದಾಳೆ, ಅಕ್ಕ ಹೊರಕ್ಕೆ ಎಂದು ತೀರ್ಪು ಕೊಟ್ಟಳು. ಅಕ್ಕ ಕೈಯೆತ್ತಿಕೊಂಡು ನಿಧಾನವಾಗಿ ಬಲೆಯ ಈಚೆ ಬಂದಳು. ಕನ್ನಡಕ ತೆಗೆದು ಮುಖ ಒರೆಸಿಕೊಂಡಳು.

“ಸುಮ್ನ ಕೂಡಬೇಕಂತ ಹೇಳಿದ್ರಲ್ಲೋ ನಿಂಗ.”

“ತಡಕೊಳ್ಳಲಿಕ್ಕ ಆಗಲಿಲ್ಲ ಅಕ್ಕಾ.”

ಬೆಂಚಿನಲ್ಲಿ ನನ್ನ ಎರಡೂ ಬದಿಗೆ ಜಾಗವಿತ್ತು. ಅವಳು ನನ್ನ ಬಲಕ್ಕೆ ಬಂದು ಕೂತಳು. ನಾನು ಅವಳ ಎಡಗಡೆಯಾದೆ. ಆಟ ಮತ್ತೆ ಶುರುವಾಯಿತು. ಆಮೇಲೆ ಅಕ್ಕ ಎದುರಿಗೇ ನೋಡುತ್ತ, ತಲೆ ತಿರುಗಿಸದೆ ಕೇಳಿದಳು.

“ಎಡಕ್ಕ ಏನ್ ನಡದದ, ಹೇಳು.”

ನಾನು ಆಟ ನಡೆಸುವ ಹುಡುಗಿಗೆ ಕೇಳಿಸದಂತೆ, ಮೆಲ್ಲಗೆ, ಕಂಡದ್ದನ್ನೆಲ್ಲ ಹೇಳುತ್ತ ಹೋದೆ.